160 ಕ್ರೆಡಿಟ್‌ನ ಬಿ.ಇ. ಮುಗಿಸಿದ್ದೇನೆ, ಜರ್ಮನಿಯಲ್ಲಿ ಎಂ.ಎಸ್ಸಿ.ಗೆ 180 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಅಳತೆ) ಕೇಳುತ್ತಿದ್ದಾರೆ. ಉಳಿದ 20ಕ್ಕೆ ಆನ್‌ಲೈನ್ ಕೋರ್ಸ್ ಮಾಡಬೇಕಾ?

ಬೇಡ. ನಿಮಗೆ 20 ಕಡಿಮೆ ಬಿದ್ದೇ ಇಲ್ಲ. ಸುಮ್ನೆ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಇದೇ ಲೆಕ್ಕದಿಂದ ನನಗೆ ಒಂದು ವರ್ಷ ಹೋಯಿತು.

ನಾನು ಬೆಂಗಳೂರಿನಲ್ಲಿ ಓದಿದವನು, ನನ್ನದೂ 160 ಕ್ರೆಡಿಟ್‌ನ ಬಿ.ಇ. ನಾನು ಅರ್ಜಿ ಹಾಕಿದ ಎಂ.ಎಸ್ಸಿ.ಗೆ ಗಣಿತದಲ್ಲೇ 20 ಇಸಿಟಿಎಸ್ ಇರಬೇಕಿತ್ತು. ಜಯನಗರದ ಒಂದು ಕನ್ಸಲ್ಟೆನ್ಸಿಯವರು ನನ್ನ ಕ್ರೆಡಿಟ್ ಎಲ್ಲ ಇಸಿಟಿಎಸ್‌ಗೆ ಬದಲಿಸಿ ಪಟ್ಟಿ ಮಾಡಿಕೊಟ್ಟರು. 4 ಕ್ರೆಡಿಟ್‌ನ ಪೇಪರ್ ಅಂದರೆ ವಾರಕ್ಕೆ 4 ಗಂಟೆ ಕ್ಲಾಸು, 15 ವಾರಕ್ಕೆ 60 ಗಂಟೆ. ಜರ್ಮನಿಯಲ್ಲಿ ಒಂದು ಇಸಿಟಿಎಸ್‌ಗೆ ಸಾಮಾನ್ಯವಾಗಿ 30 ಗಂಟೆ. ಹಾಗಾಗಿ ಪೇಪರಿಗೆ 2 ಅಂತ ಬರೆದರು. ನಾಲ್ಕು ಗಣಿತ ಪೇಪರ್ ಸೇರಿ 8. ಅರ್ಹತೆ ಇಲ್ಲ ಎಂದು ಉತ್ತರ ಬಂತು.

ಭಾಗಿಸಿದ್ದು ಸರಿ, ಆ 60 ಗಂಟೆಯೇ ತಪ್ಪು. 30 ಗಂಟೆ ಅನ್ನುವುದು ಬರೀ ಕ್ಲಾಸಿನದಲ್ಲ. ಮನೆಯಲ್ಲಿ ಓದಿದ್ದು, ಅಸೈನ್‌ಮೆಂಟ್, ಇಂಟರ್ನಲ್ಸ್, ಪರೀಕ್ಷೆಯ ತಯಾರಿ ಎಲ್ಲ ಅದರಲ್ಲಿ ಸೇರುತ್ತದೆ. ಯಾವುದಾದರೂ ಜರ್ಮನ್ ವಿಶ್ವವಿದ್ಯಾಲಯದ ಮಾಡ್ಯೂಲ್ ಕೈಪಿಡಿ (ಪ್ರತಿ ಪೇಪರಿನ ವಿವರ ಇರುವ ಪುಸ್ತಕ) ತೆಗೆದು ನೋಡಿ. ಕ್ಲಾಸು 60 ಗಂಟೆ, ಸ್ವಂತ ಓದು 120, ಒಟ್ಟು 180, ಅಂದರೆ 6 ಇಸಿಟಿಎಸ್. ಇಂಥ ಲೆಕ್ಕವೇ ಕಾಣುತ್ತದೆ. ಸ್ಟಡಿ ಹಾಲಿಡೇಸ್‌ನಲ್ಲಿ ರಾತ್ರಿಯೆಲ್ಲ ಕೂತು ಪ್ರಾಬ್ಲಮ್ ಬಿಡಿಸಿದ್ದೂ ಓದೇ ಅಲ್ವಾ? ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ. ಪೂರ್ತಿ ಒಂದು ವರ್ಷದ ಓದಿಗೆ 60 ಇಸಿಟಿಎಸ್. ನಿಮ್ಮದು ನಾಲ್ಕು ವರ್ಷ, 240 ಆಯಿತು. ಅದನ್ನು 160ರಿಂದ ಭಾಗಿಸಿದರೆ 1.5, ಅಂದರೆ ನಮ್ಮ ಒಂದು ಕ್ರೆಡಿಟ್‌ಗೆ 1.5 ಇಸಿಟಿಎಸ್. ಆಗಲೂ 4 ಕ್ರೆಡಿಟ್ ಪೇಪರಿಗೆ 6 ಬರುತ್ತದೆ. ನನ್ನ ಗಣಿತ 24 ಇತ್ತು!

ಒಟ್ಟು 180ರ ಚಿಂತೆ ಬಿಡಿ. ನಿಜವಾಗಿ ತೊಂದರೆ ಕೊಡುವುದು ವಿಷಯವಾರು ಕ್ರೆಡಿಟ್. ಪ್ರತಿ ಪೇಪರಿಗೂ ಕ್ಲಾಸಿನ ಗಂಟೆ, ಸ್ವಂತ ಓದಿನ ಗಂಟೆ ಬೇರೆ ಬೇರೆ ಬರೆಯಿರಿ. ಹೇಗೆ ಲೆಕ್ಕ ಹಾಕಿದಿರಿ ಅನ್ನುವುದನ್ನೂ ಮೇಲೆ ಒಂದು ಸಾಲಿನಲ್ಲಿ ಹೇಳಿ. ಕಾಲೇಜಿನ ಸೀಲು ಹಾಕಿಸಿದ ಸಿಲಬಸ್ ಜೊತೆಗಿರಲಿ, ಹೆಸರು ಒಂದೇ ಇದ್ದರೂ ಒಳಗಿನ ಪಾಠ ನೋಡುತ್ತಾರೆ. 1.5 ಅನ್ನುವುದು ಸರ್ಕಾರಿ ನಿಯಮವೇನೂ ಅಲ್ಲ, ಕೊನೆಯ ಮಾತು ಆ ವಿಶ್ವವಿದ್ಯಾಲಯದ್ದೇ. ಅವರದೇ ಫಾರ್ಮ್ ಇದ್ದರೆ ಅದರ ಲೆಕ್ಕವನ್ನೇ ಹಿಡಿಯಿರಿ. ಇಲ್ಲದಿದ್ದರೆ ಅಡ್ಮಿಷನ್ ಆಫೀಸಿಗೆ ಇವತ್ತೇ ಮೇಲ್ ಹಾಕಿ ಕೇಳಿ. ಕನ್ಸಲ್ಟೆನ್ಸಿಯವರ ಕೈಯಲ್ಲಿ ಕೇಳಿಸಬೇಡಿ, ನೀವೇ ಕೇಳಿ.