ಓದುಗರ ಪ್ರಶ್ನೆ: ಕತೆ ಸಿಕ್ಕಿತು, ಕತೆಗಾರರು ಸಿಗಲಿಲ್ಲ

ಪ್ರಶ್ನೆ: ಕರಾವಳಿಯ ಇಬ್ಬರು ಕತೆಗಾರರ ಬಗ್ಗೆ ಹತ್ತು ಪುಟದ ಅಸೈನ್‌ಮೆಂಟ್ ಬರೆಯಬೇಕು. ನೆಟ್‌ನಿಂದ ಎತ್ತಿದರೆ ಮಾರ್ಕ್ಸ್ ಇಲ್ಲ ಅಂದಿದ್ದಾರೆ ನಮ್ಮ ಮೇಡಂ. ಪಂಜೆ ಮತ್ತು ವೈದೇಹಿ ಅವರನ್ನು ಆರಿಸಿಕೊಂಡೆ. ಕಾಲೇಜ್ ಲೈಬ್ರರಿಯ ಕಂಪ್ಯೂಟರಿನಲ್ಲಿ ‘ಪಂಜೆ’ ಅಂತ ಹೊಡೆದರೆ ಏನೂ ಬರಲಿಲ್ಲ. ಎಲ್ಲಿಂದ ಶುರು ಮಾಡಲಿ?
– ಬಿ.ಎ. ವಿದ್ಯಾರ್ಥಿನಿ, ಉಡುಪಿ

ಉತ್ತರ: ಕಂಪ್ಯೂಟರ್ ಇಲ್ಲ ಅಂದ ಕೂಡಲೇ ನಂಬಿಬಿಟ್ಟಿರಾ ಮಾರಾಯ್ರೆ? ಎಷ್ಟೋ ಕಾಲೇಜುಗಳಲ್ಲಿ ಕನ್ನಡ ಪುಸ್ತಕದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಏರಿಸಿರುತ್ತಾರೆ. ‘ಕತೆ’ಗೆ ಒಬ್ಬರು ‘ಎಚ್’ ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಎರಡೂ ಥರ ಹೊಡೆದು ನೋಡಿ. ಪಂಜೆ ಮಂಗೇಶರಾಯರು ‘ಮ’ ಅಕ್ಷರದ ಕೆಳಗೆ ಕೂತಿರಬಹುದು, ‘ಕವಿಶಿಷ್ಯ’ ಅಂತಲೂ ಇರಬಹುದು, ಅದು ಅವರ ಕಾವ್ಯನಾಮ. ವೈದೇಹಿಯವರ ಹೆಸರು ಜಾನಕಿ ಶ್ರೀನಿವಾಸಮೂರ್ತಿ, ಅದನ್ನೂ ಹುಡುಕಿ.

ಆಮೇಲೆ ಕಂಪ್ಯೂಟರ್ ಬಿಟ್ಟು ಕಪಾಟಿನ ಹತ್ತಿರ ಹೋಗಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಾದರೆ ಕನ್ನಡ ಸಾಹಿತ್ಯದ ಸಂಖ್ಯೆ 894.814, ಕತೆ ಕಾದಂಬರಿಗಳದ್ದು 894.8143. ಸಾಹಿತ್ಯ ಚರಿತ್ರೆ ಬೇಕಿದ್ದರೆ 894.81409. ನೀವು ಬಹುಶಃ ಕತೆಗಳ ರ‍್ಯಾಕ್ ಮಾತ್ರ ನೋಡಿ ವಾಪಸ್ ಬಂದಿದ್ದೀರಿ, ಅಲ್ವಾ? ಕತೆಗಾರರ ಬದುಕಿನ ಸಂಗತಿ ಜಾಸ್ತಿ ಇರುವುದು ಅಭಿನಂದನ ಗ್ರಂಥ, ಸಂಸ್ಮರಣ ಸಂಚಿಕೆಗಳಲ್ಲಿ. ಅವನ್ನು ಯಾರೂ ಎರವಲು ಕೇಳುವುದಿಲ್ಲ ಅಂತ ಮೂಲೆಯಲ್ಲೋ ಮೇಲಿನ ಖಾನೆಯಲ್ಲೋ ಇಟ್ಟಿರುತ್ತಾರೆ. ಹೊಗಳಿಕೆ ಸ್ವಲ್ಪ ಜಾಸ್ತಿಯೇ ಇರುತ್ತದೆ, ಅದನ್ನು ದಾಟಿಕೊಂಡು ಓದಿ.

ಕತೆ ಪುಸ್ತಕ ಕೈಗೆ ಬಂದ ಮೇಲೆ ಮೊದಲು ಕತೆಗೆ ಹೋಗಬೇಡಿ. ಹೆಸರಿನ ಪುಟ ತಿರುಗಿಸಿ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮೊದಲ ಮುದ್ರಣ’, ‘ಮೂರನೆಯ ಮುದ್ರಣ’ ಅಂತ ಇಸವಿಗಳಿರುತ್ತವೆ. ನಾನು ಓದುವಾಗ ಇದನ್ನು ನೋಡದೆ ಪಂಜೆಯವರ ಕತೆಗೆ ಮರುಮುದ್ರಣದ ಇಸವಿ ಬರೆದುಬಿಟ್ಟಿದ್ದೆ, 1970ರ ಆಚೆಯದ್ದು. ಪಂಜೆ ತೀರಿಕೊಂಡದ್ದು 1937ರಲ್ಲಿ. ನಮ್ಮ ಮೇಷ್ಟ್ರು ಅದರ ಪಕ್ಕ ಕೆಂಪು ಪೆನ್ನಿನಲ್ಲಿ ‘ಸ್ವರ್ಗದಿಂದ ಕಳಿಸಿದರೋ?’ ಅಂತ ಬರೆದಿದ್ದರು.

ಇಸವಿ ಸುಮ್ನೆ ಕೇಳುತ್ತಿಲ್ಲ. ಕನ್ನಡ ಸಣ್ಣಕತೆ ಮಾಸ್ತಿಯವರಿಂದಲೇ ಶುರು ಅಂತ ಎಷ್ಟೋ ಮಂದಿ ಬರೆಯುತ್ತಾರೆ. ಮಾಸ್ತಿಯವರ ಮೊದಲ ಸಂಕಲನ ಬಂದದ್ದು 1920ರಲ್ಲಿ. ಪಂಜೆಯವರ ಕತೆಗಳು 1900ರ ಹೊತ್ತಿಗೇ ನಮ್ಮ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಬಂದಿದ್ದವು. ಈ ಎರಡು ಇಸವಿ ಪಕ್ಕಪಕ್ಕ ಇಟ್ಟರೆ ನಿಮ್ಮ ಅಸೈನ್‌ಮೆಂಟಿನ ಮೊದಲ ಪುಟ ತಾನಾಗಿ ಬರುತ್ತದೆ.

ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅದನ್ನು ಎಲ್ಲರೂ ಬರೆಯುತ್ತಾರೆ. ನೀವು ಹಳೇ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟ ಕೇಳಿ: ತರಂಗ, ತುಷಾರ, ಮಯೂರ, ದೀಪಾವಳಿ ವಿಶೇಷಾಂಕಗಳು. ಅಲ್ಲಿ ಸಿಕ್ಕಿದ ಅವರ ಕತೆಯನ್ನು ಪುಸ್ತಕದ ಕತೆಯ ಜೊತೆ ಇಟ್ಟು ಓದಿ, ಒಂದು ಸಾಲು ಬದಲಾಗಿದ್ದರೂ ಬರೆಯಲಿಕ್ಕೆ ವಿಷಯ ಸಿಕ್ಕಿತು. ಈ ಸಂಪುಟಗಳು ಕಂಪ್ಯೂಟರಿನಲ್ಲಿ ಇರುವುದು ಅಪರೂಪ, ಎಲ್ಲಿವೆ ಅಂತ ಗೊತ್ತಿರುವುದು ಪುಸ್ತಕ ಜೋಡಿಸುವ ಅಟೆಂಡರ್ ಅಣ್ಣನಿಗೆ. ಮಳೆಗಾಲದಲ್ಲಿ ಹೋದರೆ ಬೂಸ್ಟು ವಾಸನೆ ಇರುತ್ತದೆ, ಕರ್ಚೀಫ್ ಇಟ್ಟುಕೊಳ್ಳಿ.

ಅಲ್ಲೂ ಸಿಗದಿದ್ದರೆ ನಿಮ್ಮೂರಲ್ಲೇ ಎಂಜಿಎಂ ಕಾಲೇಜಿನ ಹತ್ತಿರ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ, ತುಳು ನಿಘಂಟು ತಯಾರಾದ ಜಾಗ. ಕನ್ನಡ ವಿಭಾಗದಿಂದ ಒಂದು ಪತ್ರ ತಗೊಂಡು ಹೋಗಿ ಕೇಳಿ.

ಪ್ರಶ್ನೆ: ರೆಫರೆನ್ಸ್ ಪುಸ್ತಕ ಮನೆಗೆ ಕೊಡುವುದಿಲ್ಲ. ಇಡೀ ಕಥಾಸಂಕಲನ ಝೆರಾಕ್ಸ್ ಮಾಡಿಸಬಹುದಾ?
– ಓದುಗ, ಮಂಗಳೂರು

ಉತ್ತರ: ಯಾರ ಸಂಕಲನ ಅನ್ನುವುದರ ಮೇಲೆ ಹೋಗುತ್ತದೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆಯವರ ಕತೆಗಳಾದರೆ ಧಾರಾಳವಾಗಿ ಮಾಡಿಸಿ. ಆದರೆ ಈಚೆಗೆ ಬೇರೆಯವರು ಅದಕ್ಕೆ ಬರೆದ ಮುನ್ನುಡಿ ಈ ಲೆಕ್ಕಕ್ಕೆ ಬರುವುದಿಲ್ಲ. ಈಗಿನವರ ಪುಸ್ತಕವಾದರೆ ಓದಿಗೆ ಬೇಕಾದ ನಾಲ್ಕು ಪುಟ ಸಾಕು, ಉಳಿದದ್ದನ್ನು ಅಲ್ಲೇ ಕೂತು ಬರೆದುಕೊಳ್ಳಿ. ಪುಟ ಸಂಖ್ಯೆ ಮರೆಯಬೇಡಿ, ಅದಕ್ಕೋಸ್ಕರ ಇನ್ನೊಂದು ಸಲ ಬಸ್ ಹತ್ತಬೇಕಾಗುತ್ತದೆ.