ಓದುಗರ ಪ್ರಶ್ನೆ: ಲಿನಿಯವರ ಚಿತ್ರದ ಕೆಳಗೆ ಏನೆಂದು ಬರೆಸಬೇಕು?

ಪ್ರಶ್ನೆ: ನಾನು ನರ್ಸಿಂಗ್ ಶಾಲೆಯೊಂದರಲ್ಲಿ ಬೋಧಕಿ. ಪ್ರತಿವರ್ಷ ಮೇ 12ರಂದು ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರಕ್ಕೆ ಹಾರ ಹಾಕಿ, ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತೇವೆ. ಈ ಸಲ ಪಕ್ಕದಲ್ಲಿ ಕೇರಳದ ನರ್ಸ್ ಲಿನಿಯವರ ಚಿತ್ರವನ್ನೂ ಇಡಬೇಕೆಂದು ವಿದ್ಯಾರ್ಥಿನಿಯರು ಕೇಳುತ್ತಿದ್ದಾರೆ. ಆಕೆ ಪತಿಗೆ ಬರೆದ ಕೊನೆಯ ಚೀಟಿಯನ್ನು ವೇದಿಕೆಯಲ್ಲಿ ಓದಬೇಕೆಂಬ ಆಸೆಯೂ ಅವರಿಗಿದೆ. ಓದಿಸಬಹುದೇ? ಚಿತ್ರದ ಕೆಳಗೆ ‘ವೀರಮಾತೆ’ ಎಂದು ಬರೆಸಿದರೆ ಹೇಗೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಚಿತ್ರವನ್ನು ಅಗತ್ಯವಾಗಿ ಇಡಿಸಿರಿ. ಚೀಟಿಯ ಬಗೆಗೂ ‘ವೀರಮಾತೆ’ ಎಂಬ ಪದದ ಬಗೆಗೂ ನನ್ನದೊಂದು ತಕರಾರಿದೆ. ಅದನ್ನು ಹೇಳುವ ಮೊದಲು ನಡೆದದ್ದನ್ನು ದಿನಾಂಕಗಳ ಸಮೇತ ನೆನಪಿಸಿಕೊಳ್ಳುವುದು ಒಳ್ಳೆಯದು.

ಲಿನಿ ಪುದುಶೇರಿಯವರು ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಆಧಾರದ ನರ್ಸ್ ಆಗಿದ್ದರು. ಪತಿ ಬಹರೈನ್‌ನಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಇಬ್ಬರು ಪುಟ್ಟ ಗಂಡುಮಕ್ಕಳು. 2018ರ ಮೇ ತಿಂಗಳ ಆರಂಭದಲ್ಲಿ ಜ್ವರದಿಂದ ಬಳಲುತ್ತಿದ್ದ ಯುವಕನೊಬ್ಬ ಆ ಆಸ್ಪತ್ರೆಗೆ ಬಂದಾಗ ಅವನ ಆರೈಕೆ ಮಾಡಿದವರಲ್ಲಿ ಲಿನಿಯವರೂ ಒಬ್ಬರು. ಅಲ್ಲಿಂದ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸಾಗಿಸಲಾದ ಆತ ಮೇ 5ರಂದು ತೀರಿಕೊಂಡ. ಕಾಯಿಲೆ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅದೇ ಮನೆಯ ಇನ್ನಷ್ಟು ಮಂದಿ ಹಾಸಿಗೆ ಹಿಡಿದ ಮೇಲೆ ವೈದ್ಯರಿಗೆ ಅನುಮಾನ ಬಂದು, ಮಾದರಿಗಳು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಬಂದವು. ಇದು ನಿಫಾ ಎಂದು ಅಲ್ಲಿ ಗೊತ್ತಾದದ್ದು ಮೇ 18ರ ಹೊತ್ತಿಗೆ. ಲಿನಿಯವರು ಮೇ 21ರಂದು ಕೊನೆಯುಸಿರೆಳೆದರು.

ಈ ಮೂರು ದಿನಾಂಕಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ನಿಫಾ ರೋಗಿಯ ಉಸಿರಿನ ಹನಿಗಳಿಂದಲೂ ದೇಹದ ದ್ರವಗಳಿಂದಲೂ ಹರಡುವಂಥದ್ದು. ಜ್ವರದ ರೋಗಿಯ ಬಳಿ ರಾತ್ರಿ ಡ್ಯೂಟಿಯ ನರ್ಸ್ ಏನೇನು ಮಾಡುತ್ತಾಳೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಮ್ಮುವವನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸುವವಳು, ವಾಂತಿಗೆ ಬೇಸಿನ್ ಹಿಡಿದು ಆಮೇಲೆ ಬಾಯಿ ಒರೆಸುವವಳು, ಒದ್ದೆಯಾದ ಚಾದರವನ್ನು ಸುರುಳಿ ಸುತ್ತಿ ಎಳೆಯುವವಳು, ಗ್ಲೂಕೋಸ್ ಬಾಟಲಿ ಬದಲಾಯಿಸಲು ಮತ್ತೆ ಅವನ ಮೇಲೆ ಬಾಗುವವಳು ಅವಳೇ. ವೈದ್ಯರು ರೌಂಡ್ಸ್ ಮುಗಿಸಿ ಮುಂದಿನ ಹಾಸಿಗೆಗೆ ಹೋದ ಮೇಲೂ ಅವಳು ಅಲ್ಲಿಯೇ ಇರುತ್ತಾಳೆ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ನಿಫಾ ಕಾಣಿಸಿಕೊಂಡಾಗಲೂ ಸೋಂಕು ತಗುಲಿದವರಲ್ಲಿ ಬಹುಪಾಲು ಆಸ್ಪತ್ರೆಯ ಸಿಬ್ಬಂದಿ ಮತ್ತು ರೋಗಿಗಳನ್ನು ನೋಡಲು ಬಂದವರೇ ಆಗಿದ್ದರು. ಲಿನಿಯವರ ಸಾವನ್ನು ವಿಧಿಯ ಆಟವೆಂದು ಹೇಳಿ ಮುಗಿಸಬಾರದೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಇನ್ನು ಚೀಟಿಯ ವಿಚಾರ. ಐಸಿಯುನಲ್ಲಿ ಮಲಗಿದ್ದಾಗ ಬರೆದ ಕೆಲವೇ ಸಾಲುಗಳವು: ಮತ್ತೆ ನಿಮ್ಮನ್ನು ನೋಡುವೆನೆಂಬ ನಂಬಿಕೆಯಿಲ್ಲ, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಿ, ಮಗನನ್ನು ಗಲ್ಫಿಗೆ ಕರೆದೊಯ್ಯಿರಿ, ನಮ್ಮ ಅಪ್ಪನ ಹಾಗೆ ಒಂಟಿಯಾಗಿ ಉಳಿಯಬೇಡಿ. ಪತ್ರಿಕೆಗಳಲ್ಲಿ ಅಚ್ಚಾಗಿರುವುದರಿಂದ ಅದು ಗುಟ್ಟೇನೂ ಅಲ್ಲ. ಆದರೂ ವೇದಿಕೆಯಲ್ಲಿ ಓದಿಸಿದರೆ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಾರೆ, ಅತಿಥಿಗಳು ‘ತ್ಯಾಗಮಯಿ’ ಎನ್ನುತ್ತಾರೆ, ಉಪ್ಪಿಟ್ಟು ಕಾಫಿಯೊಂದಿಗೆ ಸಭೆ ಮುಗಿಯುತ್ತದೆ. ಆ ರಾತ್ರಿಯ ಕೆಲಸದ ಮಾತು ಹಾಗೆಯೇ ಉಳಿದುಬಿಡುತ್ತದೆ. ಓದಲೇಬೇಕೆಂದಿದ್ದರೆ ವೇದಿಕೆಯ ಬದಲು ತರಗತಿಯಲ್ಲಿ, ಮೇಲಿನ ದಿನಾಂಕಗಳನ್ನು ವಿವರಿಸಿದ ಮೇಲೆ ಓದಿರಿ. ಸೋಂಕಿನ ಭಯದಿಂದ ದೇಹವನ್ನು ಮನೆಗೂ ಒಯ್ಯದೆ ಕೋಯಿಕ್ಕೋಡ್‌ನಲ್ಲಿಯೇ ಸಂಸ್ಕಾರ ಮಾಡಲಾಯಿತು, ಮಕ್ಕಳಿಗೆ ಕೊನೆಯ ದರ್ಶನವಾಗಲಿಲ್ಲ ಎಂಬುದನ್ನೂ ತಿಳಿಸಿರಿ.

ಆಮೇಲೆ ಕೇರಳ ಸರ್ಕಾರವು ಇಬ್ಬರು ಮಕ್ಕಳಿಗೂ ತಲಾ 10 ಲಕ್ಷ ರೂಪಾಯಿ ಮತ್ತು ಪತಿಗೆ ಸರ್ಕಾರಿ ಕೆಲಸ ಕೊಟ್ಟಿತು. 2019ರಲ್ಲಿ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಗುತ್ತಿಗೆಯ ನರ್ಸಿನ ಮನೆಗೆ ಕಾಯಂ ನೌಕರಿ ಬಂದದ್ದು ಆಕೆ ಸತ್ತ ಮೇಲೆ ಎಂಬುದು ನನ್ನ ಮನಸ್ಸನ್ನು ಇಂದಿಗೂ ಚುಚ್ಚುತ್ತದೆ.

‘ವೀರಮಾತೆ’ ಬೇಡ. ಆಕೆ ತಾಯಿ ಹೌದು. ಆದರೆ ಆ ಯುವಕನ ಹಾಸಿಗೆಯ ಬಳಿ ನಿಂತದ್ದು ತಾಯಿಯೆಂಬ ಕಾರಣಕ್ಕಲ್ಲ, ಆ ಕೆಲಸವನ್ನು ಕಲಿತಿದ್ದರಿಂದ. ‘ಲಿನಿ ಪುದುಶೇರಿ, ನರ್ಸ್, ಪೇರಾಂಬ್ರ ತಾಲ್ಲೂಕು ಆಸ್ಪತ್ರೆ’ ಎಂದಷ್ಟೇ ಬರೆಸಿರಿ.

ಪ್ರಶ್ನೆ: ನನ್ನ ಮಗಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಲಿನಿಯವರ ಕಥೆ ಕೇಳಿದ ದಿನದಿಂದ ಓದು ಬಿಡಿಸೋಣವೆಂದು ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?
— ತಾಯಿಯೊಬ್ಬರು, ಸಾಗರ

ಉತ್ತರ: ಬಿಡಿಸಬೇಡಿರಮ್ಮ. 2018ರ ಆ ಸೋಂಕಿನಲ್ಲಿ 17 ಮಂದಿ ಸತ್ತರು, ಇಬ್ಬರು ಬದುಕಿದರು. ಆ ಇಬ್ಬರಲ್ಲಿ ಒಬ್ಬಳು ನಿಮ್ಮ ಮಗಳಂತೆಯೇ ನರ್ಸಿಂಗ್ ಓದುತ್ತಿದ್ದ ಹುಡುಗಿ. ಮರುವರ್ಷ ಎರ್ನಾಕುಲಂನಲ್ಲಿ ವಿದ್ಯಾರ್ಥಿಯೊಬ್ಬನಿಗೆ ನಿಫಾ ಬಂದಾಗ ರೋಗ ಬೇಗನೆ ಗುರುತಾಯಿತು, ಅವನು ಗುಣಮುಖನಾದ, ಆರೈಕೆ ಮಾಡಿದ ಒಬ್ಬರಿಗೂ ಸೋಂಕು ಹರಡಲಿಲ್ಲ. ಮಗಳು ರಜೆಗೆ ಬಂದಾಗ, ಎನ್95 ಮಾಸ್ಕ್ ಹಾಕಿಕೊಂಡ ಮೇಲೆ ಅಂಚಿನಿಂದ ಗಾಳಿ ಸೋರುತ್ತಿದೆಯೇ ಎಂದು ಹೇಗೆ ಪರೀಕ್ಷಿಸುತ್ತಾರೆ, ಗೌನನ್ನೂ ಕೈಗವಸನ್ನೂ ಯಾವ ಕ್ರಮದಲ್ಲಿ ಕಳಚುತ್ತಾರೆ ಎಂದು ಕೇಳಿ ನೋಡಿರಿ. ತಡವರಿಸದೆ ತೋರಿಸಿದರೆ ಮನೆಯವರನ್ನು ಕರೆದು ಅವರಿಗೂ ಒಮ್ಮೆ ತೋರಿಸಲು ಹೇಳಿರಿ. ತಡವರಿಸಿದರೆ ಅವಳ ಬೋಧಕಿಗೆ ಒಂದು ಫೋನ್ ಮಾಡಿರಿ.