ಸಾಲವೇ ಮಾಡಿಲ್ಲ, ಸ್ಕೋರ್ ಎಲ್ಲಿಂದ ಬರಬೇಕು?

ಪ್ರಶ್ನೆ: ನನಗೆ 23 ವರ್ಷ. ಕಲಬುರಗಿಯ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಪಗಾರ 16,000 ರೂಪಾಯಿ. ಬೈಕ್ ಸಾಲ ಕೇಳಿದರೆ ‘ಸಿಬಿಲ್ ಹಿಸ್ಟರಿ ಇಲ್ಲ’ ಅಂತಾರೆ. ಯಾರ ಹತ್ತಿರವೂ ಸಾಲ ಮಾಡದ್ದೇ ತಪ್ಪಾಯಿತೇನು ಸರ್?
– ಓದುಗ, ಸೇಡಂ

ಉತ್ತರ: ಖಂಡಿತ ತಪ್ಪಲ್ಲ. ಸಿಬಿಲ್ ಎಂದರೆ ನಾವು ಮಾಡಿದ ಸಾಲ, ಕಟ್ಟಿದ ಕಂತುಗಳ ದಾಖಲೆ ಇಡುವ ಕಂಪನಿ; ಆ ದಾಖಲೆ ನೋಡಿ ಅದು ಕೊಡುವ ಅಂಕವೇ ಸ್ಕೋರ್. ಅದು 300ರಿಂದ 900ರವರೆಗೆ ಇರುತ್ತದೆ; ನಿಮ್ಮದು ಕಡಿಮೆಯಲ್ಲ, ಇನ್ನೂ ಹುಟ್ಟಿಲ್ಲ. ಉಳಿತಾಯ ಖಾತೆ, ಡೆಬಿಟ್ ಕಾರ್ಡ್ ಎಷ್ಟು ಬಳಸಿದರೂ ಅದು ಹುಟ್ಟುವುದಿಲ್ಲ.

ನಿಮ್ಮ ಬ್ಯಾಂಕಿನಲ್ಲಿ 20,000 ರೂಪಾಯಿ ಠೇವಣಿ ಇಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ಕೊಡುತ್ತಾರೆಯೇ ಕೇಳಿ. ಮಿತಿ 16,000 ಸಿಕ್ಕಿತೆನ್ನಿ, ತಿಂಗಳ ಖರ್ಚು 4,800 ದಾಟದಿರಲಿ, ಅಂದರೆ ಶೇ 30. ಕಿರಾಣಿ, ಪೆಟ್ರೋಲ್ ಸಾಕು. ಬಿಲ್ ಬಂದಾಗ ‘ಕನಿಷ್ಠ ಮೊತ್ತ’ ಎಂದು ಒಂದು ಚಿಕ್ಕ ಅಂಕಿ ಕಾಣುತ್ತದೆ. ಹುಡುಗರು ಎಡವುವುದು ಇಲ್ಲೇ. ಅಷ್ಟನ್ನೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ತಪ್ಪುತ್ತದೆ. ಪೂರ್ತಿ ಕಟ್ಟಿ; ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಸಿ. ಆ ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡಿ, ಅದೇ ದಿನದಿಂದ ಬಡ್ಡಿ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಸ್ಕೋರ್ ಕಾಣಿಸುತ್ತದೆ.

ಅಲ್ಲಿಯವರೆಗೆ ನಾಲ್ಕು ಕಡೆ ಸಾಲದ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ದಾಖಲಾಗುತ್ತದೆ. ಗೆಳೆಯನ ಸಾಲಕ್ಕೆ ಜಾಮೀನು ನಿಂತರೆ ಆತ ತಪ್ಪಿಸಿದ ಕಂತು ನಿಮ್ಮ ಸಾಲದ ವರದಿಗೂ ಬರುತ್ತದೆ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ – ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಿಮ್ಮದಲ್ಲದ ಸಾಲ ಕಂಡರೆ ಅಲ್ಲೇ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ನೀವು ಹಕ್ಕುದಾರರು.